ಒಂದೇ ಕೆರೆಯ ಮೀನು: ಕೆಲವು ಸಾಯುವುದೇಕೆ, ಕೆಲವು ಉಳಿಯುವುದೇಕೆ?



ಒಂದೇ ಕೆರೆಯಲ್ಲಿ ಬೆಳೆದ ರೋಹು ಮೀನುಗಳಿಗೆ ರೋಗ ತಗುಲಿದಾಗ ಕೆಲವು ಸಾಯುತ್ತವೆ, ಕೆಲವು ಉಳಿಯುತ್ತವೆ. ಇದನ್ನು ತಾವು ಕಂಡಿರಬಹುದು. ಹಣೆಬರಹವೆಂದು ಬಿಡತಕ್ಕ ಮಾತಲ್ಲ. ಮೀನು ತಾಯಿತಂದೆಗಳಿಂದ ಪಡೆದ ವಂಶವಾಹಿಗಳೂ ಇದಕ್ಕೊಂದು ಕಾರಣ.

ರೋಗಾಣು ಮೀನಿನ ದೇಹವನ್ನು ಹೊಕ್ಕರೆ ಜೀವಕೋಶಗಳು ಅದರ ಚೂರುಗಳನ್ನು ಹಿಡಿದು ಹೊರಮೈಯಲ್ಲಿ ತೋರಿಸುತ್ತವೆ. ಕಾವಲಿನ ಬಿಳಿ ರಕ್ತಕಣಗಳು ಅದನ್ನು ಕಂಡು ಶತ್ರುವೆಂದು ಗುರುತಿಸುತ್ತವೆ. ಚೂರು ಹಿಡಿಯುವ ಈ ‘ಕೈ’ಗಳನ್ನು ರೂಪಿಸುವ ವಂಶವಾಹಿಗಳಿಗೆ ವಿಜ್ಞಾನಿಗಳು ಎಂ.ಎಚ್.ಸಿ. ಎನ್ನುತ್ತಾರೆ. ಇವು ಮೀನಿನಿಂದ ಮೀನಿಗೆ ಬಹಳ ಭಿನ್ನ. ಒಂದು ಬಗೆಯ ಕೈಗೆ ಸಿಕ್ಕುವ ಚೂರು ಇನ್ನೊಂದಕ್ಕೆ ಸಿಕ್ಕದು. ತಾಯಿಯಿಂದ ಒಂದು ಬಗೆ, ತಂದೆಯಿಂದ ಬೇರೊಂದು ಬಗೆ ಪಡೆದ ಮರಿ ಹೆಚ್ಚು ರೋಗಾಣುಗಳನ್ನು ಗುರುತಿಸಬಲ್ಲದು. ಕೆರೆಯ ತುಂಬ ಬಗೆಬಗೆಯ ಕೈಗಳಿದ್ದರೆ, ರೋಗ ಬಂದರೂ ಎಲ್ಲ ಮೀನೂ ಒಟ್ಟಿಗೆ ಸಾಯುವ ಭಯ ಕಡಿಮೆ.

ತೊಡಕಿರುವುದು ಮರಿ ಮಾಡಿಸುವಲ್ಲಿ. 1957ರಲ್ಲಿ ಡಾ. ಹೀರಾಲಾಲ್ ಚೌಧುರಿ ಮತ್ತು ಸಂಗಡಿಗರು ಪಿಟ್ಯುಟರಿ ಗ್ರಂಥಿಯ ಸಾರವನ್ನು ಚುಚ್ಚಿ ಗೆಂಡೆ ಮೀನುಗಳಿಂದ ಮೊಟ್ಟೆ ಇಡಿಸಿದರು. ಹೊಳೆಯ ಮರಿಗಾಗಿ ಕಾಯುವುದು ಕ್ರಮೇಣ ತಪ್ಪಿತು; ಒಳ್ಳೆಯದೇ ಆಯಿತು. ಆದರೆ ಒಂದು ಕಿಲೋ ತೂಕದ ಹೆಣ್ಣು ರೋಹು ಸುಮಾರು 2 ಲಕ್ಷ ಮೊಟ್ಟೆ ಇಡುವುದರಿಂದ ನಾಲ್ಕಾರು ಜೊತೆ ಮೀನೇ ಸಾಕೆನಿಸುತ್ತದೆ. ಅವುಗಳ ಮರಿಗಳನ್ನೇ ಮುಂದೆ ತಳಿಗೆ ಉಳಿಸಿದರೆ ಅಣ್ಣತಂಗಿಯರನ್ನು ಕೂಡಿಸಿದಂತೆ. ಹೋರಿಯನ್ನು ಅದರ ಕರುಗಳಿಗೇ ಬಿಡಬಾರದೆಂದು ಬಲ್ಲ ನಾವು ಮೀನಿನ ವಿಷಯದಲ್ಲಿ ಏಕೋ ಮರೆಯುತ್ತೇವೆ. ಕರ್ನಾಟಕದ ಮರಿ ಕೇಂದ್ರಗಳನ್ನು ಕುರಿತು ಎಕ್ನಾಥ್ ಮತ್ತು ಡಾಯ್ಲ್ ಎಂಬವರು 1990ರಲ್ಲಿ ಪ್ರಕಟಿಸಿದ ಅಧ್ಯಯನವು ಇಂಥ ಒಳಸಂಬಂಧವನ್ನು ಶೇಕಡ 2ರಿಂದ 17ರಷ್ಟೆಂದು ಅಂದಾಜು ಮಾಡಿತು.

ಭುವನೇಶ್ವರದ ಬಳಿಯ ಕೇಂದ್ರ ಸಿಹಿನೀರು ಜಲಕೃಷಿ ಸಂಸ್ಥೆಯವರು 1992ರಿಂದ ಗಂಗಾ, ಯಮುನಾ, ಬ್ರಹ್ಮಪುತ್ರ, ಸಟ್ಲೆಜ್, ಗೋಮತಿ ನದಿಗಳ ರೋಹುಗಳನ್ನು ಕೂಡಿಸಿ, ಚೆನ್ನಾಗಿ ಬೆಳೆಯುವವನ್ನು ಆರಿಸುತ್ತ ‘ಜಯಂತಿ ರೋಹು’ ತಳಿಯನ್ನು ತಂದರು. ಆ ತಳಿಯ ಬೇರೆಬೇರೆ ಕುಟುಂಬಗಳಿಗೆ ಏರೋಮೊನಾಸ್ ರೋಗಾಣುವನ್ನು ಚುಚ್ಚಿ ಪರೀಕ್ಷಿಸಿದಾಗ ಕೆಲವು ಕುಟುಂಬಗಳಲ್ಲಿ ಹೆಚ್ಚು ಮೀನು ಸತ್ತವು, ಕೆಲವುಗಳಲ್ಲಿ ಹೆಚ್ಚು ಉಳಿದವು. ಉಳಿದ ಕುಟುಂಬಗಳಿಂದ ರೋಗ ತಡೆಯುವ ಸಾಲನ್ನು ಬೆಳೆಸಲು ಸಾಧ್ಯವಾಯಿತು.

ನೀರು ಕೆಟ್ಟರೆ, ಮರಿ ಕಿಕ್ಕಿರಿದರೆ, ಎಂಥ ತಳಿಯೂ ಸೊರಗುವುದು. ಅದು ಬೇರೆ ಮಾತು. ಈ ಸಲ ಮರಿ ಕೊಳ್ಳುವಾಗ ಬೆಲೆಯ ಜೊತೆಗೆ ಇಷ್ಟು ವಿಚಾರಿಸಿರಿ: ತಾಯಿ ಮೀನುಗಳೆಷ್ಟು, ಗಂಡುಗಳೆಷ್ಟು, ಹೊರಗಿನಿಂದ ಹೊಸ ತಳಿ ಮೀನು ತಂದು ಎಷ್ಟು ವರ್ಷವಾಯಿತು? ತಾವೇ ಮರಿ ಮಾಡಿಸುವವರಾದರೆ, ದೂರದ ಬೇರೆ ಕೇಂದ್ರದೊಡನೆ ಗಂಡು ಮೀನುಗಳನ್ನು ಬದಲಾಯಿಸಿಕೊಳ್ಳಿರಿ.