ಮುನ್ನೂರು ಯೂರೋ ಉಳಿದ ಸಂಬಳದ ಖಾತೆ

ತಂಗಿಯ ಮಗ ಸ್ಟುಟ್‌ಗಾರ್ಟ್‌ನಲ್ಲಿ ಎರಡು ವರ್ಷ ದುಡಿದು, ಹಿಂದಿನ ವರ್ಷದ ಮೇ ತಿಂಗಳಲ್ಲಿ ಬೆಂಗಳೂರಿಗೆ ಮರಳಿದ. ಈ ಆಗಸ್ಟ್‌ನ ಒಂದು ಭಾನುವಾರ ಮನೆಗೆ ಬಂದವನು ಮಾತಿನ ನಡುವೆ ಅಲ್ಲಿಯ ಬ್ಯಾಂಕಿನ ಆ್ಯಪ್ ತೆರೆದು ತೋರಿಸಿದ. ಪರದೆಯ ಮೇಲೆ 312 ಯೂರೋ. “ಬಾಡಿಗೆ ಮನೆ ಅಡ್ವಾನ್ಸು, ಟ್ಯಾಕ್ಸ್ ರೀಫಂಡು ಎರಡೂ ಇದಕ್ಕೇ ಬರಬೇಕಿತ್ತು ಮಾಮ. ಅದಕ್ಕೇ ಕ್ಲೋಸ್ ಮಾಡಲಿಲ್ಲ” ಎಂದ. ರಿಟರ್ನ್ಸ್‌ನಲ್ಲಿ ತೋರಿಸಿದ್ದೀಯಾ ಎಂದು ಕೇಳಿದೆ. ಜುಲೈನಲ್ಲಿ ಫೋನಿನಲ್ಲೇ ಹತ್ತು ನಿಮಿಷಕ್ಕೆ ಐಟಿಆರ್-1 ಸಲ್ಲಿಸಿ ಮುಗಿಸಿದ್ದ. ಆ ನಮೂನೆಯಲ್ಲಿ ವಿದೇಶಿ ಖಾತೆ ಬರೆಯಲು ಜಾಗವೇ ಇಲ್ಲ. ವಿದೇಶಿ ಖಾತೆ ಇರುವ ನಿವಾಸಿ ಅದನ್ನು ಬಳಸುವಂತೆಯೂ ಇಲ್ಲ.

ಅವನು ಹಣ ಬಚ್ಚಿಟ್ಟವನಲ್ಲ. ತೆರಿಗೆ ಕಟ್ಟಿ ಕೈಗೆ ಬಂದ ಸಂಬಳ ಅದು. ಪರದೇಶದಲ್ಲಿದ್ದಾಗ ತೆರೆದ ಖಾತೆಯನ್ನು ಮರಳಿದ ಮೇಲೂ ಇಟ್ಟುಕೊಳ್ಳಲು ವಿದೇಶಿ ವಿನಿಮಯದ ಫೆಮಾ ಕಾಯ್ದೆಯೇ ಅವಕಾಶ ಕೊಟ್ಟಿದೆ. ತೊಂದರೆ ಇರುವುದು ಹೇಳದೆ ಉಳಿಸುವುದರಲ್ಲಿ. ನಾವು ಹೇಳದಿದ್ದರೂ ಸುದ್ದಿ ತಾನಾಗಿ ದಿಲ್ಲಿ ತಲುಪುತ್ತದೆ ಎಂಬುದು ಮರಳಿದ ಬಹಳ ಮಂದಿಗೆ ಗೊತ್ತಿಲ್ಲ.

ತಲುಪುವ ದಾರಿ ಹೀಗಿದೆ. ಸಿಆರ್‌ಎಸ್ ಎಂಬ ಒಪ್ಪಂದದಡಿ ನೂರಕ್ಕೂ ಹೆಚ್ಚು ದೇಶ, ಪ್ರದೇಶಗಳು ಬ್ಯಾಂಕ್ ಮಾಹಿತಿಯನ್ನು ವರ್ಷಕ್ಕೊಮ್ಮೆ ತಾವಾಗಿಯೇ ಹಂಚಿಕೊಳ್ಳುತ್ತವೆ. ಭಾರತ 2017ರಿಂದ ಇದರಲ್ಲಿದೆ. ಜರ್ಮನಿ, ಬ್ರಿಟನ್, ಸಿಂಗಪುರ, ನಮ್ಮ ಕರಾವಳಿಯವರು ದುಡಿಯುವ ದುಬೈ ಎಲ್ಲವೂ ಇದರೊಳಗಿವೆ. ಅಮೆರಿಕಕ್ಕೆ ಫ್ಯಾಟ್ಕಾ ಎಂಬ ಬೇರೆ ಒಪ್ಪಂದವಿದೆ. ಸಿಆರ್‌ಎಸ್‌ನಡಿ ಹೆಸರು, ಖಾತೆ ಸಂಖ್ಯೆ, ವರ್ಷಾಂತ್ಯದ ಬ್ಯಾಲೆನ್ಸ್, ಬಂದ ಬಡ್ಡಿ ಇಷ್ಟೂ ಮುಂದಿನ ಸೆಪ್ಟೆಂಬರ್ ಮುಗಿಯುವುದರೊಳಗೆ ಬರುತ್ತವೆ. ವ್ಯಕ್ತಿಯ ಖಾತೆಯಲ್ಲಿ ಇಷ್ಟಕ್ಕಿಂತ ಕಡಿಮೆ ಇದ್ದರೆ ಬಿಡಬೇಕು ಎಂಬ ಮಿತಿಯೂ ಇಲ್ಲ. ಹುಡುಗನ ಜರ್ಮನ್ ಸಿಮ್ ನಿಂತುಹೋದಾಗ ಒಟಿಪಿ ಬರಲೆಂದು ಬ್ಯಾಂಕಿಗೆ +91 ನಂಬರ್ ಕೊಟ್ಟಿದ್ದ, ಜೊತೆಗೆ ಜಯನಗರದ ವಿಳಾಸವನ್ನೂ. ಖಾತೆದಾರ ಈಗ ಭಾರತದ ನಿವಾಸಿ ಇರಬಹುದು ಎಂದು ಬ್ಯಾಂಕ್ ಗುರುತು ಹಾಕಿಕೊಳ್ಳುವುದು ಇಂಥ ಬದಲಾವಣೆಯಿಂದಲೇ.

ಆದಾಯ ತೆರಿಗೆ ಇಲಾಖೆ ಈ ಮಾಹಿತಿಯನ್ನು ಸುಮ್ಮನೆ ಪೇರಿಸಿಟ್ಟಿಲ್ಲ. 2024ರ ನವೆಂಬರ್‌ನಲ್ಲಿ ಅದು ಸಂದೇಶ ಕಳಿಸಿ ಎಚ್ಚರಿಸಿದ ಮೇಲೆ 24,678 ಮಂದಿ ತಮ್ಮ ರಿಟರ್ನ್ಸ್ ಮತ್ತೆ ನೋಡಿಕೊಂಡರು. ಹೀಗೆ ಹೊರಬಂದ ವಿದೇಶಿ ಆಸ್ತಿ 29,208 ಕೋಟಿ ರೂಪಾಯಿ.

“ಮುನ್ನೂರು ಯೂರೋಗೆ ಯಾರು ಬರ್ತಾರೆ ಮಾಮ?” ಎಂದ. ನನಗೆ ಭಯವಾಗುವುದು ಈ ಮಾತಿಗೇ. 2015ರ ಕಪ್ಪುಹಣ ಕಾಯ್ದೆಯಲ್ಲಿ ವಿದೇಶಿ ಖಾತೆ ತೋರಿಸದಿದ್ದರೆ ವರ್ಷವೊಂದಕ್ಕೆ 10 ಲಕ್ಷ ರೂಪಾಯಿ ದಂಡ ಹಾಕಬಹುದು. ಬೇಕೆಂದೇ ಮುಚ್ಚಿಟ್ಟದ್ದು ಎಂದು ಸಾಬೀತಾದರೆ ಆರು ತಿಂಗಳಿಂದ ಏಳು ವರ್ಷದವರೆಗೆ ಸೆರೆ. ಮೊದಲು, ಖಾತೆಗಳ ಬ್ಯಾಲೆನ್ಸ್ ವರ್ಷದಲ್ಲಿ ಎಂದೂ 5 ಲಕ್ಷ ದಾಟದಿದ್ದರೆ ಈ ದಂಡ ಇರಲಿಲ್ಲ. 2024ರ ಅಕ್ಟೋಬರ್ 1ರಿಂದ ಮಿತಿ 20 ಲಕ್ಷಕ್ಕೆ ಏರಿತು. ಒಳ್ಳೆಯದೇ. ಆದರೆ ಬ್ಯಾಲೆನ್ಸ್ ಎಂಬ ಪದ ಹೋಗಿ, ಆಸ್ತಿಯ ಒಟ್ಟು ಮೌಲ್ಯ ಎಂಬ ಪದ ಬಂತು. ಅದೇ ಕಾಯ್ದೆಯ ನಿಯಮಗಳಲ್ಲಿ ಬ್ಯಾಂಕ್ ಖಾತೆಯ ಮೌಲ್ಯ ಎಂದರೆ ಇವತ್ತು ಉಳಿದಿರುವ ಹಣವಲ್ಲ, ಖಾತೆ ತೆರೆದ ದಿನದಿಂದ ಅದಕ್ಕೆ ಜಮೆಯಾದ ಎಲ್ಲ ಮೊತ್ತದ ಕೂಡಿಕೆ. ಹುಡುಗನಿಗೆ ತಿಂಗಳಿಗೆ 2,500 ಯೂರೋ ಕೈಗೆ ಬರುತ್ತಿತ್ತು. 24 ತಿಂಗಳಿಗೆ 60,000. ಯೂರೋಗೆ 90 ರೂಪಾಯಿ ಹಿಡಿದರೂ 54 ಲಕ್ಷ. ಆ ನಿಯಮವನ್ನೇ ಹಿಡಿದು ಅಳೆದರೆ ಮುನ್ನೂರು ಯೂರೋ ಖಾತೆ ಮಿತಿಯನ್ನು ಎಂದೋ ದಾಟಿದೆ. ಇನ್ನು ಮಿತಿಯೊಳಗೇ ಇದ್ದರೆ ದಂಡ ತಪ್ಪುತ್ತದೆ, ಆದರೂ ತೋರಿಸುವ ಹೊಣೆ ಹಾಗೇ ಇರುತ್ತದೆ.

ಹತ್ತಾರು ವರ್ಷ ಹೊರಗಿದ್ದು ಬಂದವರಿಗೆ ಎರಡು ಮೂರು ವರ್ಷ ಉಸಿರಾಡಲು ಸಮಯವಿದೆ. ಮರಳಿದ ಕೂಡಲೇ ಅವರು ‘ಸಾಮಾನ್ಯ ನಿವಾಸಿ’ ಆಗುವುದಿಲ್ಲ, ಅಲ್ಲಿಯವರೆಗೆ ವಿದೇಶಿ ಆಸ್ತಿ ಬರೆಯುವ ಶೆಡ್ಯೂಲ್ ಎಫ್‌ಎ ತುಂಬಬೇಕಿಲ್ಲ. ಎರಡು ಮೂರು ವರ್ಷಕ್ಕೆಂದು ಹೋಗಿ ಬರುವ ಐಟಿ ಹುಡುಗ ಹುಡುಗಿಯರಿಗೆ ಈ ರಿಯಾಯಿತಿ ಸಾಮಾನ್ಯವಾಗಿ ಸಿಗದು. ಕಂಪನಿ ನಾಲ್ಕೈದು ತಿಂಗಳಿಗೆ ಕಳಿಸಿದಾಗ ಅಲ್ಲಿ ಖಾತೆ ತೆರೆದವರಂತೂ ಆ ವರ್ಷವೂ ಇಲ್ಲಿಯ ನಿವಾಸಿಗಳೇ. ಇನ್ನೊಂದು ಮಾತು: ಶೆಡ್ಯೂಲ್ ಎಫ್‌ಎ ಕೇಳುವುದು ಏಪ್ರಿಲ್‌ನಿಂದ ಮಾರ್ಚ್‌ನ ಲೆಕ್ಕವಲ್ಲ, ಜನವರಿಯಿಂದ ಡಿಸೆಂಬರ್‌ನದು. ಆ ನಡುವೆ ಒಂದು ದಿನ ಇದ್ದು ಮುಚ್ಚಿದ ಖಾತೆಯನ್ನೂ ಬರೆಯಬೇಕು.

ಹುಡುಗನ ಅದೃಷ್ಟ, ರಿಟರ್ನ್ಸ್ ತಿದ್ದಲು ಇನ್ನೂ ಕಾಲವಿತ್ತು. ವಿದೇಶಿ ಖಾತೆಗೆ ಜಾಗವಿರುವ ಐಟಿಆರ್-2 ತೆರೆದು ಇಬ್ಬರೂ ಕೂತೆವು. ಖಾತೆ ತೆರೆದ ದಿನಾಂಕ, ವರ್ಷದ ಗರಿಷ್ಠ ಬ್ಯಾಲೆನ್ಸ್, ಡಿಸೆಂಬರ್ 31ರ ಬ್ಯಾಲೆನ್ಸ್, ಬಡ್ಡಿ ಇವೆಲ್ಲ ಸ್ಟೇಟ್‌ಮೆಂಟ್‌ನಿಂದ ಸಿಕ್ಕವು. ನಾಳೆ ಯಾರಾದರೂ ಹಣದ ಮೂಲ ಕೇಳಿದರೆ ಕೊಡಲು ಪೇಸ್ಲಿಪ್ ತೆಗೆದಿಡು ಎಂದೆ. ಹಳೇ ಕಂಪನಿಯ ಲಾಗಿನ್ ಕೆಲಸ ಬಿಟ್ಟ ದಿನವೇ ಹೋಗಿತ್ತು. ಮೇಲ್ ಎಲ್ಲ ಜಾಲಾಡಿ ಅವನು ಹುಡುಕಿಕೊಟ್ಟದ್ದು 24ರಲ್ಲಿ ಒಂಬತ್ತು. ಉಳಿದ ಹದಿನೈದಕ್ಕೆ ಆ ರಾತ್ರಿಯೇ ಸ್ಟುಟ್‌ಗಾರ್ಟ್‌ಗೆ ಮೇಲ್ ಬರೆದ.