ಸೊಟ್ಟಗಾಲು ಮತ್ತು ಉದ್ದ ನೆರಳು

ಕನ್ನಡದಲ್ಲಿ ನಾವು ಸೊಟ್ಟಗಾಲು, ಡೊಂಕುಗಾಲು ಎನ್ನುತ್ತೇವೆ. ಡಚ್ಚರು ಅಕ್ಷರದಲ್ಲೇ ಚಿತ್ರ ಬರೆದುಬಿಡುತ್ತಾರೆ: ಮಂಡಿ ಹೊರಕ್ಕೆ ಬಾಗಿದ್ದರೆ ‘ಓ-ಬೇನೆನ್’, ಒಳಕ್ಕೆ ತಾಗಿದ್ದರೆ ‘ಇಕ್ಸ್-ಬೇನೆನ್’. (ಇವರ ‘ಬೇನೆನ್’ ಬರೀ ಕಾಲು, ನಮ್ಮ ಬೇನೆಯಲ್ಲ!)

ಹಸುಗೂಸಿನ ಕಾಲು ಬಿಲ್ಲಿನಂತಿರುವುದು ಸಹಜ. ಎರಡು ವರ್ಷಕ್ಕೆ ನೇರವಾಗಿ, ಮೂರು-ನಾಲ್ಕರಲ್ಲಿ ತುಸು ಒಳಕ್ಕೆ ವಾಲಿ, ಏಳರ ಹೊತ್ತಿಗೆ ಸರಿಹೋಗುತ್ತದೆ. ಬೇಗ ನಡೆಸಿದ್ದಕ್ಕೇ ಹೀಗಾಯಿತೆಂದು ಊರಿನಿಂದ ಅಜ್ಜಿ ಫೋನಿನಲ್ಲಿ ಗದರಿದರೆ ಹೆದರಬೇಕಿಲ್ಲ. ಎರಡು ದಾಟಿಯೂ ಬಾಗು ಹೆಚ್ಚುತ್ತಿದ್ದರೆ, ಅಥವಾ ಒಂದೇ ಕಾಲು ಬಾಗಿದ್ದರೆ, ವೈದ್ಯರಿಗೆ ತೋರಿಸಲೇಬೇಕು.

ಆಗ ಮೊದಲು ಅನುಮಾನಿಸುವುದು ರಿಕೆಟ್ಸನ್ನು. ಡಿ ಜೀವಸತ್ವ ಸಾಲದಿದ್ದರೆ ಕರುಳು ಸುಣ್ಣದಂಶವನ್ನು ಸಾಕಷ್ಟು ಹೀರಿಕೊಳ್ಳುವುದಿಲ್ಲ. ಬೆಳೆಯುವ ಎಲುಬು ಗಟ್ಟಿಯಾಗದೆ ಮೈಭಾರಕ್ಕೆ ಬಾಗುತ್ತದೆ. ಡಚ್ಚರಿಗೆ ಇದು ‘ಇಂಗ್ಲಿಷರ ಕಾಯಿಲೆ’. ಅದರ ಮೇಲೆ 1645ರಲ್ಲಿ ಪ್ರಬಂಧ ಬರೆದ ಡೇನಿಯಲ್ ವಿಸ್ಲರ್ ಇಂಗ್ಲೆಂಡಿನವನೇ, ಬರೆದದ್ದು ಮಾತ್ರ ನಮ್ಮ ಜೂಟರ್‌ಮೀರ್ ಪಕ್ಕದ ಲೈಡನ್ನಿನಲ್ಲಿ. 1880ರ ದಶಕದಲ್ಲಿ ಲಂಡನ್ ಮೃಗಾಲಯದ ಸಿಂಹದ ಮರಿಗಳಿಗೂ ಇದೇ ಗತಿಯಾಗಿತ್ತು. ಹಾಲು, ಪುಡಿಮಾಡಿದ ಮೂಳೆ, ಕಾಡ್ ಮೀನೆಣ್ಣೆ ಕೊಟ್ಟ ಮೇಲೆ ಚೇತರಿಸಿಕೊಂಡವು.

ಎಲ್ಲ ಡೊಂಕೂ ಇದೇ ಅಲ್ಲ. ಡ್ಯಾಕ್ಸ್‌ಹುಂಡ್ ನಾಯಿಗೆ ಬಾಲ ನೆಟ್ಟಗಿದ್ದರೂ ಕಾಲು ಡೊಂಕು. ಎಫ್‌ಜಿಎಫ್4 ಎಂಬ ಜೀನಿನ ಹೆಚ್ಚುವರಿ ಪ್ರತಿಯೊಂದು ಇದಕ್ಕೆ ಕಾರಣವೆಂದು 2009ರಲ್ಲಿ ತಿಳಿಯಿತು. ನಮ್ಮ ವೃತ್ತಿಯವರ ಭಾಷೆಯಲ್ಲಿ, ಕಾಪಿ-ಪೇಸ್ಟ್ ಅವಾಂತರ. ಪಾವಗಡದಂಥ ಕಡೆ ನೀರಿನ ಫ್ಲೋರೈಡೂ ಎಲುಬು ಕೆಡಿಸುತ್ತದೆ.

ಇಲ್ಲಿರುವ ನಮ್ಮ ಮಕ್ಕಳಿಗೆ ಮುಖ್ಯವಾದದ್ದು ಬಿಸಿಲು. ನೆರಳು ನಮಗಿಂತ ಉದ್ದವಿದ್ದಾಗ ಚರ್ಮದಲ್ಲಿ ಡಿ ಜೀವಸತ್ವ ಹೆಚ್ಚೇನೂ ತಯಾರಾಗದು. ಊರಿನ ಎಳೆಬಿಸಿಲಿಗೂ ಈ ಮಾತು ಸಲ್ಲುತ್ತದೆ. ಆದರೆ ಬೆಂಗಳೂರಿನಲ್ಲಿ ಡಿಸೆಂಬರಿನ ನಡುಮಧ್ಯಾಹ್ನವೂ ನೆರಳು ನಮಗಿಂತ ಗಿಡ್ಡ. 52 ಡಿಗ್ರಿ ಉತ್ತರದ ಜೂಟರ್‌ಮೀರ್‌ನಲ್ಲಿ ಆ ದಿನಗಳಲ್ಲಿ ಸೂರ್ಯ ಹದಿನೈದು ಡಿಗ್ರಿಯೂ ಏರುವುದಿಲ್ಲ. ನಡುಹಗಲಲ್ಲೇ ನೆರಳು ನಾಲ್ಕು ಆಳುದ್ದ. ಸಾಲದ್ದಕ್ಕೆ ಕಪ್ಪು ಚರ್ಮಕ್ಕೆ ಬೇಕಾದ ಬಿಸಿಲೂ ಹೆಚ್ಚು. ಇಲ್ಲಿ ಮಾರ್ಗರಿನ್‌ಗೆ ಡಿ ಬೆರೆಸುತ್ತಾರೆ, ಆದರೆ ನಮಗೆ ಬೇಕಾದದ್ದು ತುಪ್ಪ! ಸಸ್ಯಾಹಾರಿಗಳಿಗೆ ಮೀನೂ ಇಲ್ಲ.

ಆದ್ದರಿಂದಲೇ ಇಲ್ಲಿ ನಾಲ್ಕು ವರ್ಷದವರೆಗೆ ಕೂಸಿಗೆ ದಿನಕ್ಕೆ 10 ಮೈಕ್ರೋಗ್ರಾಂ ಹನಿ ಹಾಕಿಸುತ್ತಾರೆ. ನಾಲ್ಕು ತುಂಬಿದೊಡನೆ ಬಾಟಲಿ ಕಪಾಟಿನ ಮೂಲೆ ಸೇರುವುದು ವಾಡಿಕೆ. ಆದರೆ ಇಲ್ಲಿನ ಆರೋಗ್ಯ ಮಂಡಳಿಯ ಸಲಹೆಯಂತೆ ನಮ್ಮಂಥ ಮೈಬಣ್ಣದವರಿಗೆ ಆಮೇಲೂ ಅಷ್ಟೇ ಬೇಕು, ಬಸುರಿಯರಿಗೂ ಬೇಕು.