ರಾಮದೇವರ ಬೆಟ್ಟದಲ್ಲಿ ಒಂದು ಹಗಲು

ಬೆಂಗಳೂರಿನಿಂದ ಮೈಸೂರಿನ ಕಡೆಗೆ ರೈಲಿನಲ್ಲಿ ಪ್ರಯಾಣ ಮಾಡಿದವರೆಲ್ಲರೂ ರಾಮನಗರದ ಬೆಟ್ಟಗಳನ್ನು ನೋಡಿಯೇ ಇರುತ್ತಾರೆ. ಬೆಂಗಳೂರಿಗೆ ಸುಮಾರು 50 ಕಿಲೋಮೀಟರ್ ದೂರದಲ್ಲಿ, ಮಾವಿನ ತೋಪು, ಹಿಪ್ಪುನೇರಳೆ ತೋಟಗಳ ನಡುವಿನಿಂದ ಥಟ್ಟನೆ ಎದ್ದು ನಿಂತಿರುವ ಆ ಬೋಳು ಬಂಡೆಗಳು ಕಣ್ಣಿಗೆ ಬೀಳದೆ ಇರುವಂತಹವಲ್ಲ. ಊರಿಗೆ ಹಿಂದೆ ಕ್ಲೋಸ್‌ಪೇಟೆ ಎಂಬ ಹೆಸರಿದ್ದುದರಿಂದ ಭೂವಿಜ್ಞಾನಿಗಳು ಈ ಕಲ್ಲನ್ನು ಕ್ಲೋಸ್‌ಪೇಟೆ ಗ್ರಾನೈಟ್ ಎಂದೇ ಕರೆಯುತ್ತಾರೆ. ಅದರ ವಯಸ್ಸು ಸುಮಾರು 250 ಕೋಟಿ ವರ್ಷ. 1975ರಲ್ಲಿ ತೆರೆಕಂಡ ‘ಶೋಲೆ’ ಚಲನಚಿತ್ರವನ್ನು ಇಲ್ಲಿ ತೆಗೆದರೆಂಬ ಕಾರಣದಿಂದ ಈಗಲೂ ಇಲ್ಲಿಗೆ ಬರುವ ಜನರುಂಟು. ನಾವು ಹೋದುದು ಬೇರೆ ಕಾರಣಕ್ಕೆ. ಇಲ್ಲಿಯ ರಾಮದೇವರ ಬೆಟ್ಟದ ಕಡಿದಾದ ಕಲ್ಲುಗೋಡೆಗಳು ರಣಹದ್ದುಗಳು ಗೂಡು ಕಟ್ಟುವ ಸ್ಥಳ. ಅವುಗಳಿಗಾಗಿಯೇ 2012ರಲ್ಲಿ ಸರ್ಕಾರವು ಸುಮಾರು 346 ಹೆಕ್ಟೇರು ನೆಲವನ್ನು ಅಭಯಧಾಮವೆಂದು ಸಾರಿತು. ಈಚಿನ ವರ್ಷಗಳಲ್ಲಿ ಎಣಿಸಿದವರಿಗೆ ಅಲ್ಲಿ ಸಿಕ್ಕಿರುವ ಉದ್ದಕೊಕ್ಕಿನ ರಣಹದ್ದುಗಳು ಮಾತ್ರ ಬೆರಳೆಣಿಕೆಯಷ್ಟು. ಅವುಗಳಲ್ಲಿ ಒಂದನ್ನಾದರೂ ಕಣ್ಣಾರೆ ಕಾಣಬೇಕೆಂಬುದು ನಮ್ಮ ಬಯಕೆಯಾಗಿತ್ತು.

ಜನವರಿಯ ಒಂದು ಭಾನುವಾರ ಬೆಳಗಿನ ರೈಲಿನಲ್ಲಿ ಹೊರಟ ನಾವು ಒಟ್ಟು ಹನ್ನೊಂದು ಮಂದಿ. ಹತ್ತು ವರ್ಷದ ಹುಡುಗನೊಬ್ಬ ತಂದೆಯ ಜೊತೆಯಲ್ಲಿ ಬಂದಿದ್ದ. ನಮ್ಮನ್ನು ಕರೆದುಕೊಂಡು ಹೋದವರು ಪ್ರಾಣಿಶಾಸ್ತ್ರ ಬೋಧಿಸಿ ನಿವೃತ್ತರಾದ ಅಧ್ಯಾಪಕರು. ಎಲ್ಲರೂ ಅವರನ್ನು ಮೇಷ್ಟ್ರು ಎಂದೇ ಕರೆಯುತ್ತಿದ್ದರು. ರೈಲಿನಲ್ಲಿಯೇ ಅವರು ನಿಯಮಗಳನ್ನು ಹೇಳಿಬಿಟ್ಟರು. ದೇವಸ್ಥಾನಕ್ಕೆ ಏರುವ ಮೆಟ್ಟಿಲ ದಾರಿಯನ್ನು ಬಿಟ್ಟು ಯಾರೂ ಬಂಡೆ ಹತ್ತಕೂಡದು. ಗೂಡಿನ ಛಾಯಾಚಿತ್ರಕ್ಕಾಗಿ ಹತ್ತಿರ ಹೋಗುವ ಮಾತೇ ಇಲ್ಲ. ಇದು ಮರಿಯಾಗುವ ಕಾಲ, ಬೆದರಿದ ತಾಯಿ ಗೂಡು ಬಿಟ್ಟರೆ ಆ ವರ್ಷದ ಸಂತಾನ ಅಲ್ಲಿಗೆ ಮುಗಿಯಿತು.

ಬೆಟ್ಟದ ಬುಡವನ್ನು ತಲುಪಿದಾಗ ಎಂಟು ಗಂಟೆಯೂ ಆಗಿರಲಿಲ್ಲ. ನಾವು ದುರ್ಬೀನುಗಳನ್ನು ಕೊರಳಿಗೆ ತೂಗುಹಾಕಿಕೊಂಡು ಆಕಾಶವನ್ನು ದಿಟ್ಟಿಸತೊಡಗಿದೆವು. ಮೇಷ್ಟ್ರು ನಕ್ಕು, ಫ್ಲಾಸ್ಕಿನಿಂದ ಕಾಫಿ ಬಗ್ಗಿಸುತ್ತ, “ಇಷ್ಟು ಬೇಗ ಯಾರೂ ಎದ್ದಿರುವುದಿಲ್ಲ. ಕಲ್ಲು ಕಾಯಲಿ, ಕುಳಿತುಕೊಳ್ಳಿ,” ಎಂದರು.

ಕಲ್ಲು ಕಾಯುವುದಕ್ಕೂ ಹಕ್ಕಿ ಏಳುವುದಕ್ಕೂ ಏನು ಸಂಬಂಧ? ಸಂಬಂಧ ಬಹಳ ನಿಕಟವಾದುದು. ಉದ್ದಕೊಕ್ಕಿನ ರಣಹದ್ದು ಐದಾರು ಕಿಲೋ ತೂಗುವ ಹಕ್ಕಿ. ಬಿಚ್ಚಿದ ರೆಕ್ಕೆಗಳ ಹರವು ಎರಡು ಮೀಟರಿಗೂ ಹೆಚ್ಚು. ಇಷ್ಟು ಭಾರದ ದೇಹವನ್ನು ರೆಕ್ಕೆ ಬಡಿದು ಬಡಿದೇ ದಿನವೆಲ್ಲ ಮೇಲಿರಿಸುವುದಾದರೆ ಸಿಕ್ಕಿದ ಆಹಾರವೆಲ್ಲ ಆ ಬಡಿತಕ್ಕೇ ವೆಚ್ಚವಾಗಿಹೋದೀತು. ಆದುದರಿಂದ ಅದು ಬಿಸಿಲಿಗೆ ತನ್ನ ಕೆಲಸವನ್ನು ಒಪ್ಪಿಸಿದೆ. ಬೋಳು ಬಂಡೆ ಸುತ್ತಲಿನ ತೋಟಗಳಿಗಿಂತ ಬೇಗ ಕಾಯುತ್ತದೆ. ಅದರ ಮೇಲಿನ ಗಾಳಿ ಬಿಸಿಯಾಗಿ ಹಗುರವಾಗಿ ಕಂಬದಂತೆ ಮೇಲೇಳುತ್ತದೆ. ಹಕ್ಕಿ ಆ ಕಂಬದೊಳಗೆ ಹೊಕ್ಕು, ರೆಕ್ಕೆ ಚಾಚಿ, ಸುತ್ತು ಹಾಕುತ್ತ ಹಾಕುತ್ತ ಏರುತ್ತದೆ. ಸಾಕಷ್ಟು ಎತ್ತರ ಬಂದಮೇಲೆ ಮುಂದಿನ ಕಂಬದ ಕಡೆಗೆ ಓರೆಯಾಗಿ ಜಾರುತ್ತದೆ. ಹೀಗೆ ಏರುತ್ತ ಜಾರುತ್ತ ಒಂದೇ ಹಗಲಿನಲ್ಲಿ ಹತ್ತಾರು ಕಿಲೋಮೀಟರ್ ಸುತ್ತಿ ಬರುವುದು ಅದಕ್ಕೆ ಕಷ್ಟವಲ್ಲ. ರೆಕ್ಕೆಯ ತುದಿಯ ಗರಿಗಳು ಬಿಡಿಸಿದ ಬೆರಳುಗಳಂತೆ ಬೇರೆಬೇರೆಯಾಗಿರುವುದೂ ವ್ಯರ್ಥವಲ್ಲ. ತುದಿಯಲ್ಲಿ ಹುಟ್ಟುವ ಗಾಳಿಯ ಸುಳಿಯನ್ನು ಅದು ತಗ್ಗಿಸುತ್ತದೆ.

ಒಂಬತ್ತೂವರೆಯ ಸುಮಾರಿಗೆ ಮೊದಲ ಹಕ್ಕಿ ಎದ್ದಿತು. ನಮ್ಮಲ್ಲಿ ಮೂವರು ಒಮ್ಮೆಲೇ “ರಣಹದ್ದು!” ಎಂದು ಕೂಗಿದೆವು. ವಾಚಕರು ಕ್ಷಮಿಸಬೇಕು, ಆ ಮೂವರಲ್ಲಿ ಈ ಲೇಖಕರೂ ಸೇರಿದ್ದರು. “ಬಾಲ ನೋಡಿ ಹೇಳಿ,” ಎಂದರು ಮೇಷ್ಟ್ರು. ಬಾಲದ ತುದಿ ಮೀನಿನ ಬಾಲದಂತೆ ನಡುವೆ ಕಚ್ಚಾಗಿತ್ತು. ಹಕ್ಕಿ ಅದನ್ನು ಚುಕ್ಕಾಣಿಯಂತೆ ಅತ್ತಿತ್ತ ತಿರುಚುತ್ತಿತ್ತು. ಪೇಟೆಯ ಮೀನಂಗಡಿಯ ಮೇಲೆ ದಿನವೂ ಕಾಣುವ ಸಾಮಾನ್ಯ ಹದ್ದು! ನಾವು ಸುಮ್ಮನಾದೆವು.

ಅಲ್ಲಿಂದ ಮುಂದೆ ಎರಡು ಗಂಟೆಗಳ ಕಾಲ ನಡೆದುದು ಆಕಾಶದ ಪಾಠಶಾಲೆ. ಬೇಟೆಹಕ್ಕಿಗಳನ್ನು ಬಣ್ಣದಿಂದ ಗುರುತಿಸಲು ಹೊರಟವನು ಕೆಟ್ಟ. ಎತ್ತರದಲ್ಲಿ, ಬೆಳಕಿಗೆ ಎದುರಾಗಿ, ಎಲ್ಲವೂ ಕಪ್ಪು. ಆಕಾರವನ್ನೂ ಹಾರುವ ರೀತಿಯನ್ನೂ ನೋಡಬೇಕು. ಗರುಡನ ಬಾಲ ದುಂಡು. ಅದು ಬೆಳಕಿಗೆ ಹೊರಳಿದಾಗ ಬಿಳಿಯ ತಲೆಯೂ ಇಟ್ಟಿಗೆಬಣ್ಣದ ಮೈಯೂ ಸ್ಪಷ್ಟವಾದುವು. ಮೆಟ್ಟಿಲೇರುತ್ತಿದ್ದ ತಾಯಿಯೊಬ್ಬರು ನಿಂತು ಕೈಮುಗಿದರು. ಶಿಕ್ರಾ ಎಂಬ ಪುಟ್ಟ ಗಿಡುಗನ ರೆಕ್ಕೆ ಮೊಟಕು, ಬಾಲ ಉದ್ದ. ನಾಲ್ಕಾರು ಸಲ ಬಿರುಸಾಗಿ ಬಡಿದು ಸ್ವಲ್ಪ ಜಾರಿ ಮತ್ತೆ ಬಡಿಯುತ್ತದೆ. ಮರಗಳ ನಡುವೆ ನುಸುಳಬೇಕಾದವನಿಗೆ ಉದ್ದ ರೆಕ್ಕೆ ಅಡ್ಡಿಯಲ್ಲವೆ? ಬಳಿಕ ಬಂಡೆಯ ನೆತ್ತಿಯ ಪಾರಿವಾಳಗಳೆಲ್ಲ ಒಮ್ಮೆಗೇ ಚದುರಿದುವು. ಕಾರಣ ಹುಡುಕುವುದರೊಳಗೆ ಕುಡುಗೋಲಿನಂತಹ ಚೂಪುರೆಕ್ಕೆಯ ಹಕ್ಕಿಯೊಂದು ಬಂಡೆಯ ಅಂಚಿನಿಂದ ಆಚೆಗೆ ಮಾಯವಾಯಿತು. ಅದು ಶಾಹೀನ್ ಡೇಗೆ. ಬೇಟೆಯ ಮೇಲೆ ಎರಗುವಾಗ ಈ ಜಾತಿಯ ಡೇಗೆಯ ವೇಗ ಗಂಟೆಗೆ 300 ಕಿಲೋಮೀಟರನ್ನು ದಾಟುವುದುಂಟು. ಅದನ್ನು ಸರಿಯಾಗಿ ನೋಡಿದವನು ನಮ್ಮಲ್ಲಿ ಹುಡುಗನೊಬ್ಬನೇ.

ಹನ್ನೊಂದು ಗಂಟೆ ದಾಟಿದರೂ ರಣಹದ್ದಿನ ಸುಳಿವಿರಲಿಲ್ಲ. ಆಗ ಮೇಷ್ಟ್ರು ನಮ್ಮ ದುರ್ಬೀನುಗಳನ್ನು ಆಕಾಶದಿಂದ ಎದುರಿನ ಕಲ್ಲುಗೋಡೆಗೆ ಇಳಿಸಿದರು. “ಹಕ್ಕಿ ಸಿಕ್ಕದಿದ್ದರೆ ಅದರ ಮನೆಯ ಸುಣ್ಣವನ್ನು ನೋಡಿ.” ಗೋಡೆಯ ನಡುವೆ ಅಲ್ಲಲ್ಲಿ ಚಾಚಿದ ಕಲ್ಲಿನ ಅಟ್ಟಗಳು, ಅವುಗಳ ಕೆಳಗೆ ಸುಣ್ಣ ಚೆಲ್ಲಿದಂತೆ ಉದ್ದುದ್ದವಾದ ಬಿಳಿಯ ಪಟ್ಟೆಗಳು. ಇವು ಹಕ್ಕಿಗಳ ಹಿಕ್ಕೆ. ದೇಹದಲ್ಲಿ ಮಾಂಸಾಂಶ ಕರಗಿದಾಗ ಉಳಿಯುವ ಸಾರಜನಕದ ಕಸವನ್ನು ನಾವು ನೀರಿನಲ್ಲಿ ಕರಗಿಸಿ ಮೂತ್ರವಾಗಿ ಹೊರಹಾಕುತ್ತೇವೆ. ಹಕ್ಕಿಗಳು ಹಾಗಲ್ಲ, ಅವುಗಳ ಮೂತ್ರಪಿಂಡಗಳು ಅದನ್ನು ಯೂರಿಕ್ ಆಮ್ಲವೆಂಬ, ನೀರಿನಲ್ಲಿ ಸುಲಭವಾಗಿ ಕರಗದ ಬಿಳಿಯ ಲೇಪವಾಗಿ ಕಳೆದುಬಿಡುತ್ತವೆ. ನೀರೂ ಉಳಿಯಿತು, ಹಾರುವಾಗ ಹೊರುವ ಭಾರವೂ ಉಳಿಯಿತು. ತಲೆತಲಾಂತರದಿಂದ ಒಂದೇ ಅಟ್ಟದಲ್ಲಿ ಕುಳಿತ ರಣಹದ್ದುಗಳು ಕಲ್ಲಿಗೆ ಬಳಿದ ಬಣ್ಣವಿದು. ದುರ್ಬೀನಿನಲ್ಲಿ ನೋಡುತ್ತ ಹೋದಂತೆ ಪಟ್ಟೆಗಳಲ್ಲಿ ಎರಡು ಬಗೆಯಿರುವುದು ಗೊತ್ತಾಯಿತು. ಹೆಚ್ಚಿನವು ಮಳೆಗೆ ತೊಳೆದು ಮಾಸಿ ಬೂದಿಬಣ್ಣಕ್ಕೆ ತಿರುಗಿದ್ದುವು. ಹಾಲಿನಂತೆ ಬೆಳ್ಳಗಿದ್ದುದು ಒಂದೇ ಒಂದು.

ಈ ಯೂರಿಕ್ ಆಮ್ಲವನ್ನು ವಾಚಕರು ನೆನಪಿನಲ್ಲಿಡಬೇಕು. ರಣಹದ್ದುಗಳ ದುರಂತವೆಲ್ಲ ಅದರಲ್ಲಿಯೇ ಇದೆ.

ನಾವು ಊಟದ ಗಂಟು ಬಿಚ್ಚುತ್ತಿದ್ದಾಗ ಮೇಕೆಗಳನ್ನು ಹೊಡೆದುಕೊಂಡು ಬಂದ ವೃದ್ಧರೊಬ್ಬರು ನೆರಳಿನಲ್ಲಿ ಕುಳಿತರು.

“ಏನ್ ನೋಡ್ತಾ ಇದ್ದೀರಿ ಸ್ವಾಮಿ?”

“ರಣಹದ್ದು ನೋಡೋಣ ಅಂತ ಬಂದಿದ್ದೀವಿ, ಯಜಮಾನ್ರೇ.”

“ಅಯ್ಯೋ, ಈಗೆಲ್ಲೈತೆ! ನಮ್ ಸಣ್ಣ ವಯಸ್ನಾಗೆ ಊರಾಚೆ ಒಂದ್ ಎಮ್ಮೆ ಸತ್ತು ಬಿದ್ರೆ ಮೋಡ ಇಳಿದಂಗೆ ಇಳಿಯೋವು. ಸಂಜೆ ಹೊತ್ಗೆ ಬರೀ ಮೂಳೆ. ಈಗ ಗುಂಡಿ ತೋಡಿ ಹೂಳ್ಬೇಕು, ಇಲ್ದಿದ್ರೆ ನಾಯಿ ಕಾಟ.”

“ಹಸುಗಳಿಗೆ ನೋವಿನ ಸೂಜಿ ಹಾಕಿಸ್ತಿದ್ರಾ ಆಗ?” ಎಂದು ಮೇಷ್ಟ್ರು ಕೇಳಿದರು.

“ಹಾಕಿಸ್ದೇ ಇರ್ತೀವಾ ಸ್ವಾಮಿ? ಕಾಲು ಊದ್ಕೊಂಡು ಮಲಗಿದ್ ಹಸ ಸೂಜಿ ಬಿದ್ ಮಾರ್ನೇ ದಿನ ಎದ್ದು ಮೇವು ತಿಂತಿತ್ತು.”

ಮೇಷ್ಟ್ರು ಮುಂದೆ ಏನೂ ಹೇಳಲಿಲ್ಲ. ಮೇಕೆಗಳು ದೂರ ಹೋದಮೇಲೆ ನಮಗೆ ವಿವರಿಸಿದರು.

ರಾಜಸ್ಥಾನದ ಭರತಪುರದ ಕೇವಲಾದೇವ್ ಉದ್ಯಾನದಲ್ಲಿ 1980ರ ದಶಕದಲ್ಲಿ ರಣಹದ್ದುಗಳನ್ನು ಎಣಿಸಿದ್ದ ವಿಭು ಪ್ರಕಾಶ್ ಎಂಬ ಪಕ್ಷಿವಿಜ್ಞಾನಿ 1990ರ ದಶಕದ ಕೊನೆಯಲ್ಲಿ ಮತ್ತೆ ಎಣಿಸಿದಾಗ ನೂರಕ್ಕೆ ತೊಂಬತ್ತೈದಕ್ಕೂ ಹೆಚ್ಚು ಮಾಯವಾಗಿದ್ದುವು. ಉಳಿದವು ಕೊರಳು ಜೋಲುಬಿಟ್ಟು ಮರಗಳ ಮೇಲೆ ತೂಕಡಿಸುತ್ತಿದ್ದುವು. ದೇಶದಲ್ಲೆಲ್ಲ ಇದೇ ಕಥೆ. 1992ರಿಂದ 2007ರ ಹೊತ್ತಿಗೆ ಬಿಳಿಬೆನ್ನಿನ ರಣಹದ್ದು ನೂರಕ್ಕೆ 99.9ರಷ್ಟು ಕುಸಿಯಿತು; ಅಂದರೆ ಸಾವಿರಕ್ಕೆ ಉಳಿದುದು ಒಂದು. ಉದ್ದಕೊಕ್ಕಿನ ರಣಹದ್ದು ಮತ್ತು ಅದರ ಸಮೀಪಬಂಧು ಎರಡೂ ಸೇರಿ ನೂರಕ್ಕೆ ಸುಮಾರು 97ರಷ್ಟು. ಮೊದಲು ಎಲ್ಲರೂ ಸಾಂಕ್ರಾಮಿಕ ರೋಗವೆಂದೇ ಶಂಕಿಸಿದರು. ಆದರೆ ಪಾಕಿಸ್ತಾನದಲ್ಲಿ ಸತ್ತ ಹಕ್ಕಿಗಳನ್ನು ಕೊಯ್ದು ನೋಡಿದ ಲಿಂಡ್ಸೆ ಓಕ್ಸ್ ಮತ್ತು ಅವರ ಸಂಗಡಿಗರು 2004ರಲ್ಲಿ ನಿಜವನ್ನು ಹೊರಗೆಡಹಿದರು. ಹಕ್ಕಿಗಳ ಹೃದಯ, ಯಕೃತ್ತುಗಳ ಮೇಲೆ ಸುಣ್ಣ ಬಳಿದಂತೆ ಬಿಳಿಯ ಪದರ ಕಟ್ಟಿತ್ತು. ಅದೇ ಯೂರಿಕ್ ಆಮ್ಲ! ಮೂತ್ರಪಿಂಡಗಳು ಕೆಟ್ಟುದರಿಂದ ಬಂಡೆಯ ಮೇಲೆ ಬೀಳಬೇಕಾದುದು ಒಡಲೊಳಗೇ ನಿಂತುಬಿಟ್ಟಿತ್ತು. ಮೂತ್ರಪಿಂಡ ಕೆಡಿಸಿದುದು ಡೈಕ್ಲೋಫೆನಾಕ್ ಎಂಬ ಔಷಧಿ. ನೋವಿಗೂ ಊತಕ್ಕೂ ದನಕರುಗಳಿಗೆ ಕೊಡುತ್ತಿದ್ದ, ಅಗ್ಗದ, ಒಳ್ಳೆಯ ಔಷಧಿ. ಸೂಜಿ ಹಾಕಿಸಿಕೊಂಡ ಹಸು ಬದುಕಿಕೊಂಡರೆ ಕೆಲವು ದಿನಗಳಲ್ಲಿ ಔಷಧಿ ಮೈಯಿಂದ ಹೋಗಿಬಿಡುತ್ತದೆ. ಅದಕ್ಕೆ ಮೊದಲೇ ಸತ್ತರೆ ಅದರ ಹೆಣ ರಣಹದ್ದುಗಳ ಪಾಲಿಗೆ ವಿಷ.

ಎಲ್ಲ ಹಸುಗಳಿಗೂ ಸೂಜಿ ಹಾಕಿರುತ್ತಾರೆಯೆ ಎಂದು ಒಬ್ಬರು ಕೇಳಿದರು. ಹಾಕಬೇಕಾಗಿಯೇ ಇಲ್ಲ. ನೂರು ಹೆಣಗಳಲ್ಲಿ ಒಂದಕ್ಕಿಂತ ಕಡಿಮೆ ಹೆಣದಲ್ಲಿ ಈ ವಿಷವಿದ್ದರೂ ಇಷ್ಟು ದೊಡ್ಡ ನಾಶಕ್ಕೆ ಸಾಕೆಂದು ಲೆಕ್ಕ ಹಾಕಿದ್ದಾರೆ. ಇದಕ್ಕೆ ಕಾರಣ ಎರಡು. ರಣಹದ್ದುಗಳು ಆಕಾಶದಲ್ಲಿ ಒಂದನ್ನೊಂದು ಗಮನಿಸುತ್ತಿರುತ್ತವೆ; ಒಂದು ಇಳಿದುದನ್ನು ಕಂಡು ಇನ್ನೊಂದು, ಅದನ್ನು ಕಂಡು ಮತ್ತೊಂದು, ಹೀಗೆ ಹತ್ತಾರು ಕೂಡಿ ಒಂದೇ ಹೆಣವನ್ನು ಹಂಚಿಕೊಳ್ಳುತ್ತವೆ. ಹಸಿವನ್ನು ನೀಗಿಸಿದ ಆ ಒಗ್ಗಟ್ಟೇ ಸಾವನ್ನೂ ಹಂಚಿತು. ಎರಡನೆಯದಾಗಿ, ಇವು ವರ್ಷಕ್ಕೆ ಇಡುವುದು ಒಂದೇ ಮೊಟ್ಟೆ. ತಂದೆತಾಯಿಗಳು ಸರದಿಯ ಮೇಲೆ ಸುಮಾರು 50 ದಿನ ಕಾವು ಕೂರುತ್ತವೆ. ಮರಿ ಹಾರಲು ತಿಂಗಳುಗಳೇ ಬೇಕು. ಅದು ತಾನೂ ಗೂಡು ಕಟ್ಟುವುದು ಐದು ವರ್ಷದ ಸುಮಾರಿಗೆ. ದೀರ್ಘಾಯುಷ್ಯವನ್ನೇ ನಂಬಿ ಸಂತಾನದಲ್ಲಿ ಜಿಪುಣತನ ಮಾಡಿದ ಜಾತಿಗೆ ಬೆಳೆದ ಹಕ್ಕಿಗಳ ಸಾವನ್ನು ತುಂಬಿಕೊಳ್ಳುವ ದಾರಿಯೇ ಇಲ್ಲ. ಗುಬ್ಬಚ್ಚಿಯಾಗಿದ್ದರೆ ಎರಡು ಮಳೆಗಾಲದಲ್ಲಿ ಚೇತರಿಸಿಕೊಳ್ಳುತ್ತಿತ್ತು.

ಭಾರತದಲ್ಲಿ ಪಶುಚಿಕಿತ್ಸೆಗಾಗಿ ಡೈಕ್ಲೋಫೆನಾಕ್ ತಯಾರಿಕೆಯನ್ನು 2006ರಲ್ಲಿ ನಿಷೇಧಿಸಲಾಯಿತು. ಮೆಲಾಕ್ಸಿಕಾಮ್ ಎಂಬ ಬದಲಿ ಔಷಧಿ ರಣಹದ್ದುಗಳಿಗೆ ನಿರಪಾಯಕಾರಿಯೆಂದು ಅದೇ ವರ್ಷ ತಿಳಿದುಬಂದಿತ್ತು. ಆದರೆ ಮನುಷ್ಯರ ಔಷಧಿಯ ದೊಡ್ಡ ಸೀಸೆಗಳು ಕೊಟ್ಟಿಗೆಯ ದಾರಿ ಹಿಡಿದುದರಿಂದ 2015ರಲ್ಲಿ ಒಂದು ಸೀಸೆಗೆ 3 ಮಿಲಿಲೀಟರ್ ಎಂಬ ಮಿತಿ ಬಂದಿತು. ರಣಹದ್ದುಗಳಿಗೆ ಅಷ್ಟೇ ಅಪಾಯಕಾರಿಯಾದ ಕೀಟೋಪ್ರೊಫೆನ್, ಅಸಿಕ್ಲೋಫೆನಾಕ್‌ಗಳನ್ನು ಪಶುಗಳಿಗೆ ಬಳಸುವುದಕ್ಕೆ ತಡೆ ಬಿದ್ದುದು 2023ರಲ್ಲಿ. ಮೊದಲ ನಿಷೇಧಕ್ಕೂ ಇದಕ್ಕೂ ನಡುವೆ ಹದಿನೇಳು ವರ್ಷ! ಇಷ್ಟು ನಿಧಾನವನ್ನು ನಾವು ಕ್ಷಮಿಸಲಾರೆವು.

ಹೆಣ ತಿನ್ನುವ ಹಕ್ಕಿ ಹೋದರೇನು ಎನ್ನುವವರಿದ್ದಾರೆ. ರಣಹದ್ದಿನ ಜಠರದ ಆಮ್ಲ ಎಷ್ಟು ತೀಕ್ಷ್ಣವೆಂದರೆ ನೆರಡಿಯಂತಹ ರೋಗದಿಂದ ಸತ್ತ ದನವನ್ನು ತಿಂದೂ ಅದು ಅರಗಿಸಿಕೊಳ್ಳಬಲ್ಲದು. ನಾಯಿ, ಇಲಿಗಳು ಆ ಕೆಲಸವನ್ನು ಅಷ್ಟು ಚೊಕ್ಕಟವಾಗಿ ಮಾಡಲಾರವು. ರಣಹದ್ದುಗಳು ನಾಶವಾದ ಜಿಲ್ಲೆಗಳಲ್ಲಿ 2000ದಿಂದ 2005ರ ನಡುವೆ ಸುಮಾರು ಐದು ಲಕ್ಷ ಮಂದಿ ಹೆಚ್ಚಾಗಿ ಸತ್ತಿರಬೇಕೆಂದು ಇಬ್ಬರು ಅರ್ಥಶಾಸ್ತ್ರಜ್ಞರು 2024ರಲ್ಲಿ ಅಂದಾಜು ಮಾಡಿದ್ದಾರೆ. ಅಂದಾಜು ಅಂದಾಜೇ, ಅದರ ಅರ್ಧವೇ ನಿಜವಾದರೂ ಸಣ್ಣ ಮಾತಲ್ಲ.

ಮೂರು ಗಂಟೆಯಾಯಿತು. ಬಿಳಿ ರಣಹದ್ದೊಂದು ಬಂದು ಹೋಯಿತು. ಅದು ಚಿಕ್ಕ ಜಾತಿ, ಹಳದಿಯ ಮುಖ, ಬೆಣೆಯಂತಹ ಬಾಲ. ಕೆಲವರು ನೆರಳಿನಲ್ಲಿ ನಿದ್ರೆ ಹೋದರು. ಮೂರೂಕಾಲರ ಸುಮಾರಿಗೆ ಹುಡುಗನು ಮೇಷ್ಟ್ರ ತೋಳನ್ನು ಮೆಲ್ಲನೆ ಮುಟ್ಟಿ, “ಅದರ ಬಾಲ ಬಹಳ ಮೊಟಕು, ಮೇಷ್ಟ್ರೇ,” ಎಂದನು.

ಬೆಟ್ಟದ ನೆತ್ತಿಗಿಂತ ಬಹಳ ಮೇಲೆ, ಅಗಲವಾದ ಹಲಗೆಯಂತಹ ರೆಕ್ಕೆಗಳು. ತುದಿಯಲ್ಲಿ ಬಿಡಿಸಿದ ಬೆರಳುಗಳು. ಒಂದು ಬಡಿತವೂ ಇಲ್ಲ. ಅದು ನಿಧಾನವಾಗಿ ಸುತ್ತಿ ಸುತ್ತಿ ಇಳಿಯಿತು. ಗೋಡೆಯ ಮಟ್ಟಕ್ಕೆ ಬಂದಾಗ ಬಿಸಿಲು ಬೆನ್ನಿನ ಮೇಲೆ ಬಿದ್ದು ಮಾಸಲು ಕಂದುಬಣ್ಣವೂ, ಗರಿಯಿಲ್ಲದ ಕೊರಳೂ, ಅದರ ಬುಡದ ಬಿಳಿಯ ತುಪ್ಪುಳದ ಪಟ್ಟಿಯೂ ಕಂಡವು. ಕಾಲುಗಳನ್ನು ಮುಂದಕ್ಕೆ ಚಾಚಿ, ಹಾಲಿನಂತೆ ಬೆಳ್ಳಗಿದ್ದ ಆ ಪಟ್ಟೆಯ ಮೇಲಿನ ಅಟ್ಟದಲ್ಲಿ ಅದು ಕುಳಿತುಕೊಂಡಿತು. ಯಾರೂ ಮಾತಾಡಲಿಲ್ಲ. ಛಾಯಾಚಿತ್ರ ತೆಗೆಯಬೇಕೆಂಬುದೂ ಇಬ್ಬರಿಗೆ ಮರೆತುಹೋಯಿತಂತೆ.

ಮೇಷ್ಟ್ರು ತಮ್ಮ ಪುಸ್ತಕದಲ್ಲಿ ಗಂಟೆಯನ್ನು ಬರೆದು ಮುಂದೆ ‘1’ ಎಂದು ಗುರುತುಹಾಕಿದರು. “ಇನ್ನೊಂದು?” ಎಂದು ಹುಡುಗ ಕೇಳಿದ. ಜೋಡಿಯಿದ್ದರೆ ಸಂಜೆಯೊಳಗೆ ಬರಬಹುದು, ಅಥವಾ ಅಟ್ಟದ ಒಳಗಡೆ ಮರಿಯ ಬಳಿ ಕುಳಿತಿದ್ದರೂ ಇರಬಹುದು, ಇಲ್ಲಿಂದ ಕಾಣದು ಎಂದರು. ನಾವು ರೈಲಿನ ಹೊತ್ತಾಗುವವರೆಗೂ ದುರ್ಬೀನನ್ನು ಕೆಳಗಿಳಿಸಲಿಲ್ಲ. ನಿಲ್ದಾಣದ ದಾರಿಯಲ್ಲಿಯೂ ಹುಡುಗ ಹಿಂದೆ ತಿರುಗಿ ತಿರುಗಿ ನೋಡುತ್ತಲೇ ಬಂದ.